ಜೂನ್ ಒಂದರ ಬ್ಯಾಚು

ಯಳವತ್ತಿ ಮಾಸ್ತರರಿಗೆ ವರ್ಷದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಬೀಳುವುದು ಜೂನ್ ಒಂದರಂದು. ಅಂದು ಅವರ ಹುಟ್ಟುಹಬ್ಬ. ಧಾರವಾಡದ ಕರ್ನಾಟಕ ಕಾಲೇಜಿನಿಂದ 1976ರಲ್ಲಿ ಅವರ ಜೊತೆ ಬಿ.ಎ. ಮುಗಿಸಿ ಹೊರಬಿದ್ದ ಗೆಳೆಯರಲ್ಲಿ ಮುಕ್ಕಾಲು ಮಂದಿಯ ಹುಟ್ಟುಹಬ್ಬವೂ ಅಂದೇ. ಜಾತಕ ಬಲ್ಲವರು ಇದರಲ್ಲೊಂದು ಮಹಾಯೋಗ ಹುಡುಕಿಯಾರು. ಯೋಗವೇನೂ ಇಲ್ಲ, ಕನ್ನಡ ಸಾಲಿಯ ಹೆಡ್‌ಮಾಸ್ತರರ ಕೈಬರಹ, ಅಷ್ಟೆ. ಅಪ್ಪನ ಬೆರಳು ಹಿಡಿದು ಸಾಲಿಗೆ ಬಂದ ಆ ಕಾಲದ ಹುಡುಗರಿಗೆ ಹುಟ್ಟಿದ ತಾರೀಖು ಎಂಬುದು ಇರಲಿಲ್ಲ. "ಹಿಂಗಾರಿ ಬಿತ್ತೂ ಮುಂದ ಹುಟ್ಯಾನ್ರಿ", "ನಮ್ಮ ಬಿಳೇ ಎತ್ತು ಸತ್ತ ವರ್ಷರಿ" ಎಂಬಂಥ ಪುರಾವೆಗಳಷ್ಟೇ ಇದ್ದವು. ಹೆಡ್‌ಮಾಸ್ತರರು ಹುಡುಗನ ಬಲಗೈಯನ್ನು ತಲೆಯ ಮೇಲಿನಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ತುಂಬಿತು. ತಾರೀಖಿಗೆ ಮತ್ತೆ ತಲೆ ಕೆಡಿಸಿಕೊಳ್ಳುವವರು ಯಾರು? ಸಾಲಿ ಸುರುವಾಗುವ ದಿನವನ್ನೇ ಬರೆದರು: 1-6-1955.

ಆ ಒಂದು ಸಾಲು ಐವತ್ತು ವರ್ಷ ದಾಟಿದ ಮೇಲೆ ಫಲ ಕೊಟ್ಟಿತು. ತಿಂಗಳ ಒಂದನೇ ತಾರೀಖಿಗೆ ಹುಟ್ಟಿದ ಸರ್ಕಾರಿ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬುದು ನಿಯಮ. ಹೀಗಾಗಿ 2015ರ ಮೇ 31ಕ್ಕೆ ಗೆಳೆಯರೆಲ್ಲ ಒಂದೇ ದಿನ ನಿವೃತ್ತರಾದರು. ಅಂದು ಬೇರೆ ಭಾನುವಾರ. ಶನಿವಾರವೇ ಶಾಲು, ಹಾರ, ಬೆಳ್ಳಿ ಬಣ್ಣದ ಸ್ಮರಣಿಕೆ ಮುಗಿಸಿಕೊಂಡು, ಸೂಟಿಯ ದಿನ ಕಾಯಂ ಸೂಟಿಗೆ ಹೋದ ಬ್ಯಾಚು ಇದು.

ಎಲ್ಲ ಬ್ಯಾಚಿಗೂ ಯಳವತ್ತಿ ಮಾಸ್ತರರಂಥ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಯಾರೂ ಆರಿಸಿರುವುದಿಲ್ಲ, ಯಾರೂ ಇಳಿಸುವಂತೆಯೂ ಇಲ್ಲ. ಓದುವಾಗ ಅವರು ಮೊದಲ ನಂಬರಿನವರಲ್ಲ, ಲೀಡರೂ ಅಲ್ಲ. ಯಾರು ಯಾರ ಕೋಣೆಯಲ್ಲಿ ಮಲಗಿದರು, ಯಾರು ಖಾನಾವಳಿಯ ಬಾಕಿ ಇಟ್ಟು ಓಡಿದರು, ಯಾರಿಗೆ ಊರಿನಿಂದ ಯಾವ ಬಸ್ಸಿಗೆ ರೊಟ್ಟಿಗಂಟು ಬರುತ್ತದೆ ಎಂಬುದು ಆಗಲೇ ಅವರ ಬಾಯಿಪಾಠವಾಗಿರುತ್ತದೆ. ನಡುವಿನ ನಲವತ್ತು ವರ್ಷ ನೌಕರಿ, ಮದುವೆ, ವರ್ಗಾವಣೆಗಳ ಗದ್ದಲದಲ್ಲಿ ಈ ವಿದ್ಯೆ ಮುಚ್ಚಿಹೋಗಿ, ಪಿಂಚಣಿಯ ಮೊದಲ ಕಂತಿನೊಡನೆ ಮತ್ತೆ ಚಿಗುರುತ್ತದೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ಯಳವತ್ತಿಗೆ ವಾಪಸು ಬಂದ ನಮ್ಮ ಮಾಸ್ತರರು ಮೊದಲು ಮಾಡಿದ ಕೆಲಸ ಹೊಲಕ್ಕೆ ಬೇಲಿ ಹಾಕಿಸಿದ್ದಲ್ಲ. ಲಕ್ಷ್ಮೇಶ್ವರಕ್ಕೆ ಹೋಗಿ ಸಾಲಿಯಲ್ಲಿ ಬಳಸುವಂಥದ್ದೇ ಒಂದು ಹಾಜರಿ ಪುಸ್ತಕ ತಂದದ್ದು.

ಪುಸ್ತಕದಲ್ಲಿ ಹೆಸರುಗಳಿಲ್ಲ, ಊರುಗಳಿವೆ. ಅದಕ್ಕೆ ಕಾರಣ ಹಾಸ್ಟೆಲ್ಲು. ಒಂದೇ ಸಾಲಿನ ಕೋಣೆಗಳಲ್ಲಿ ಮೂವರು ಬಸವರಾಜ, ಇಬ್ಬರು ಶಿವಾನಂದ, ನಾಲ್ವರು ಮಲ್ಲಿಕಾರ್ಜುನ ಇದ್ದರೆ ಕರೆಯುವುದು ಹೇಗೆ? ಊರಿನ ಹೆಸರೇ ಮನುಷ್ಯನ ಹೆಸರಾಯಿತು. ಶಿಗ್ಲಿ, ಮುಳಗುಂದ, ಹುಲಕೋಟಿ, ಡಂಬಳ, ಬೆಳ್ಳಟ್ಟಿ, ಸೂರಣಗಿ. "ಡಂಬಳಕ್ಕ ಜ್ವರ ಬಂದಾವ", "ಹುಲಕೋಟಿ ಪರೀಕ್ಷಾದಾಗ ಕೂತು ಅತ್ತ" ಎಂದರೆ ಹೊರಗಿನವರಿಗೆ ಪ್ರಕೃತಿ ವಿಕೋಪದ ವರದಿ ಕೇಳಿದಂತಾಗುತ್ತಿತ್ತು. ಇವತ್ತಿಗೂ ಹಾಗೆಯೇ. ಮಾಸ್ತರರು ಚಹಾದಂಗಡಿಯ ಮುಂದೆ ನಿಂತು ಫೋನಿನಲ್ಲಿ "ಮುಳಗುಂದದ ಕಿಡ್ನಿಯೊಳಗ ಹಳ್ಳು ಐತಂತ" ಎಂದು ಕೂಗಿದಾಗ, ಪಕ್ಕದಲ್ಲಿದ್ದ ಹುಡುಗನೊಬ್ಬ ಅಲ್ಲಿ ಹೊಸ ಕ್ವಾರಿ ಸುರುವಾಯಿತೆಂದು ತಿಳಿದಿದ್ದ.

ಬೆಳಗಿನ ಆರೂವರೆಗೆ ಹಾಜರಿ ಸುರು. ಬಸ್ ಸ್ಟ್ಯಾಂಡಿನ ತನಕ ಒಂದು ಸುತ್ತು ನಡೆದು ಬಂದು, ಮನೆಯ ಮುಂದಿನ ಕಟ್ಟೆಯ ಮೇಲೆ ಕನ್ನಡಕ ಏರಿಸಿ, ದಿನಕ್ಕೆ ನಾಲ್ಕೈದು ಊರುಗಳಿಗೆ ಫೋನು.

"ಬೆಳ್ಳಟ್ಟಿ?"

"ಹಾಜರ್ ರೀ ಸರ."

"ದನಿ ಯಾಕ ಹಿಂಗ್ಯಾಗೇತಿ?"

"ಈಗರ ಎದ್ದೀನೋ ಮಾರಾಯಾ. ಹಲ್ಲು ಹಾಕ್ಕೊಂಡಿಲ್ಲ."

"ಹಲ್ಲು ಹಾಕ್ಕೊಂಡು ಮಾತಾಡು. ಬರಕೊಳ್ಳೂದೈತಿ."

ನೀಲಿ ಶಾಯಿಯಲ್ಲಿ ಒಂದು ಗೀಟು ಬಿತ್ತೆಂದರೆ ಬೆಳ್ಳಟ್ಟಿ ಬದುಕಿದ್ದಾನೆ. ದವಾಖಾನೆಯಲ್ಲಿದ್ದರೆ ಕೆಂಪು ಶಾಯಿ. ಮಗನ ಮನೆಗೋ ಮಗಳ ಬಾಣಂತನಕ್ಕೋ ಹೋಗಿದ್ದರೆ ಹಸಿರು. ಬಾಣಂತನಕ್ಕೆ ಹೋಗುವುದು ಹೆಂಡತಿ, ಗಂಡ ಸಾಮಾನು ಹೊರಲು ಹೋದವನು. ಆದರೂ ಮಾಸ್ತರರ ಪುಸ್ತಕದಲ್ಲಿ ಬಾಣಂತನದ ಕೀರ್ತಿ ಅವನದೇ.

ಸುದ್ದಿಗೂ ದರ್ಜೆಗಳಿವೆ. ನಿವೃತ್ತಿಯ ಮೊದಲೆರಡು ವರ್ಷ ಬ್ಯಾಚಿನ ಫೋನ್ ಗುಂಪಿನಲ್ಲಿ ನಡೆದದ್ದು ಗ್ರ್ಯಾಚುಯಿಟಿಯ ಮಾತು, ಪ್ಲಾಟಿನ ಮಾತು, ಅಳಿಯನ ಪಗಾರದ ಮಾತು. ಅದು ಮುಗಿದ ಮೇಲೆ ಶರೀರಕ್ಕೆ ಇಳಿಯಿತು. ಬಿ.ಪಿ. ಈಗ ಸುದ್ದಿಯೇ ಅಲ್ಲ, ಅದು ಎಲ್ಲರಿಗೂ ಇರಬೇಕಾದ ಆಸ್ತಿ. ಸಕ್ಕರೆ ಎಂದರೆ ಬರೀ ಇದೆ ಎಂದರೆ ಸಾಲದು, ಮೂರು ತಿಂಗಳ ಸರಾಸರಿ ಹೇಳಬೇಕು. ಕಣ್ಣಿನ ಪೊರೆ ತೆಗೆಸಿದ್ದಕ್ಕೆ ಒಂದೇ ಸಾಲು. ಮೊಣಕಾಲಿನ ಚಿಪ್ಪು ಬದಲಾಯಿಸಿದ್ದಕ್ಕೆ ಫೋಟೋ ಸಹಿತ ನಾಲ್ಕು ಸಾಲು. ಸ್ಟೆಂಟ್ ಬಿದ್ದರೆ ಮಾಸ್ತರರು ಸ್ವತಃ ಹೋಗಿ ನೋಡಿ ಬಂದು ಇಡೀ ಪ್ಯಾರಾ ಬರೆಯುತ್ತಾರೆ. ಸ್ಟೆಂಟಿನಲ್ಲಿ ಮತ್ತೆ ಎರಡು ವರ್ಣ. ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ಸ್ಟೆಂಟಿನ ಬೆಲೆಗೆ ಮಿತಿ ಹಾಕಿತಲ್ಲ, ಅದಕ್ಕೂ ಮೊದಲು ಹಾಕಿಸಿಕೊಂಡವರು ಹಿರಿಯರು. "ನಂದು ತುಟ್ಟೀ ಕಾಲದ ಮಾಲು" ಎಂದು ಮುಳಗುಂದ ಎದೆ ಮುಟ್ಟಿಕೊಂಡು ಹೇಳುವಾಗ, ಅಗ್ಗವಾದ ಮೇಲೆ ಹಾಕಿಸಿಕೊಂಡ ಸೂರಣಗಿಯ ಮುಖ ಸಣ್ಣದಾಗುತ್ತದೆ. ಬಿ.ಎ. ಕೊನೆಯ ವರ್ಷ ಸೂರಣಗಿ ಮುಳಗುಂದಕ್ಕಿಂತ ಎಂಟು ಅಂಕ ಮುಂದಿದ್ದ. ಮುಳಗುಂದನ ಎರಡನೇ ಸ್ಟೆಂಟಿನಿಂದ ಆ ಲೆಕ್ಕ ಸರಿಹೋಯಿತೆಂದು ಮಾಸ್ತರರ ತೀರ್ಪು.

ಇದನ್ನೆಲ್ಲ ಕೇಳಿ ನಗುವವರಿದ್ದಾರೆ, ನಾನೂ ನಗುತ್ತೇನೆ. ಆದರೆ ಗಮನಿಸಿ ನೋಡಿದರೆ ನೌಕರಿಯಲ್ಲಿದ್ದಾಗ ಈ ಜನರ ಬಗ್ಗೆ ಏನಾದರೊಂದು ಸುದ್ದಿ ಇರುತ್ತಿತ್ತು. ವರ್ಗ ಆಯಿತು, ಬಡ್ತಿ ಸಿಕ್ಕಿತು, ಸಾಹೇಬನ ಜೊತೆ ಜಗಳವಾಯಿತು. ಶಾಲು ಹೊದಿಸಿ ಕಳಿಸಿದ ಮರುದಿನದಿಂದ ಅವರ ಬಗ್ಗೆ ಹೇಳಲು ಯಾರಿಗೂ ಏನೂ ಇಲ್ಲ. ಮನೆಯಲ್ಲಿ ಕೇಳುವ ಪ್ರಶ್ನೆ ಎರಡೇ: ಉಂಡಿರೇನು, ಗುಳಿಗೆ ತಗೊಂಡಿರೇನು. ಅಂಥವರ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಕಳೆದ ಸಲದ್ದರೊಡನೆ ತಾಳೆ ನೋಡಿ, "ಪಾಯಿಂಟ್ ನಾಕು ಇಳದೈತಿ, ಶಹಬ್ಬಾಸ್" ಎನ್ನುವವರು ಭೂಮಿಯ ಮೇಲೆ ಇನ್ನಾರಿದ್ದಾರೆ? ಮಾಸ್ತರರ ಫೋನು ಬಂತೆಂದರೆ ಎಲ್ಲರೂ ಕಿರಿಕಿರಿಪಡುತ್ತಾರೆ. ಎಂಟು ದಿನ ಬರದಿದ್ದರೆ ತಾವೇ ಮಾಡಿ, "ನನ್ನ ಹೆಸರು ತಗದೀಯೇನು?" ಎಂದು ಜಗಳ ತೆಗೆಯುತ್ತಾರೆ.

ಒಂದೇ ಒಂದು ಬಗೆಯ ಸುದ್ದಿಯಲ್ಲಿ ಮಾಸ್ತರರು ಅವಸರ ಮಾಡುವುದಿಲ್ಲ. ಒಮ್ಮೆ ಗುಂಪಿನಲ್ಲಿ ಯಾರೋ ಹಾಸ್ಟೆಲಿನ ಪದ್ಧತಿ ಮುರಿದು "ನಮ್ಮ ಬಸವರಾಜ ಇನ್ನಿಲ್ಲ" ಎಂದು ಹಾಕಿದರು. ತೀರಿಕೊಂಡದ್ದು ಬೇರೆ ಬ್ಯಾಚಿನ ಬಸವರಾಜ. ಅಷ್ಟರಲ್ಲಿ ಮೂವತ್ತು ಮಂದಿ ಓಂ ಶಾಂತಿ ಬರೆದಾಗಿತ್ತು. ಇಬ್ಬರು ಹಾರ ಹಾಕಿದ ಫೋಟೋ ತಯಾರಿಸಿ ಬಿಟ್ಟಿದ್ದರು, ಅದೂ ನಮ್ಮ ಡಂಬಳದ್ದು. ಸಂಜೆ ನಿದ್ದೆಯಿಂದ ಎದ್ದ ಡಂಬಳ ಎಲ್ಲವನ್ನೂ ಓದಿ, ಕೆಳಗೆ "ಧನ್ಯವಾದಗಳು. ಹುಲಕೋಟಿ ಬರದದ್ದು ಓದಿ ಕಣ್ಣಾಗ ನೀರು ಬಂತು. ಇಷ್ಟು ಚಲೋ ಇದ್ದೆ ಅಂತ ಜೀವಂತ ಇದ್ದಾಗ ಯಾಕ ಹೇಳಲಿಲ್ಲೋ?" ಎಂದು ಬರೆದ. ಅಂದಿನಿಂದ ಸಾವಿನ ಸುದ್ದಿ ಮೂರು ಕಡೆಯಿಂದ ಖಾತ್ರಿಯಾಗದೆ ಯಾರೂ ಹಾಕಬಾರದೆಂದು ಮಾಸ್ತರರ ಕಟ್ಟಪ್ಪಣೆ. ಹುಲಕೋಟಿ ಮಾತ್ರ ತಾನು ಬರೆದ ಹೊಗಳಿಕೆಯಲ್ಲಿ ಅರ್ಧವನ್ನು ವಾಪಸು ಪಡೆದ.

ವಿಚಿತ್ರವೆಂದರೆ ಇಷ್ಟೆಲ್ಲ ಆಸ್ಪತ್ರೆಯ ಸುದ್ದಿಯ ನಡುವೆಯೂ ಈ ಬ್ಯಾಚು ಸಾಯಲು ತಯಾರಿಲ್ಲ. ಅದರ ಗುಟ್ಟು ಕಮ್ಯುಟೇಶನ್. ನಿವೃತ್ತಿಯ ವೇಳೆಗೆ ಪಿಂಚಣಿಯ ಮೂರನೇ ಒಂದು ಪಾಲನ್ನು ಸರ್ಕಾರಕ್ಕೆ ಮಾರಿ ಇಡಿಗಂಟು ತೆಗೆದುಕೊಂಡರೆ, ಮಾರಿದ ಪಾಲು ಹದಿನೈದು ವರ್ಷದ ನಂತರ ಮತ್ತೆ ಪಿಂಚಣಿಗೆ ಸೇರುತ್ತದೆ. 2015ಕ್ಕೆ ಹದಿನೈದು ಕೂಡಿಸಿರಿ. 2030ರ ಜೂನ್ ತಿಂಗಳಿಗೆ ಎಲ್ಲರ ಪಿಂಚಣಿಯೂ ತುಂಬಿ ಬರಬೇಕು. ಇಡಿಗಂಟು ಮಗಳ ಮದುವೆಯಲ್ಲೋ ಹುಬ್ಬಳ್ಳಿಯ ಪ್ಲಾಟಿನಲ್ಲೋ ಕರಗಿ ಎಷ್ಟೋ ಕಾಲವಾಯಿತು. ಈಗ ಉಳಿದಿರುವುದು ಛಲ. "ಸರಕಾರಕ್ಕ ಬಿಟ್ಟು ಹ್ವಾದ್ರ ಅಪಮಾನ ನಮಗ" ಎಂದು ಮಾಸ್ತರರು ಹಾಜರಿಯ ಕೊನೆಗೆ ಎಲ್ಲರಿಗೂ ಎಚ್ಚರಿಸುತ್ತಾರೆ. ಎರಡು ಸ್ಟೆಂಟಿನ ಮುಳಗುಂದ ಬೆಳಗ್ಗೆ ಆರು ಕಿಲೋಮೀಟರು ನಡೆಯುವುದು ಹೃದಯದ ಪ್ರೀತಿಗಲ್ಲ, 2030ರ ಪ್ರೀತಿಗೆ.

ಬದುಕಿದ್ದೇವೆಂದು ಸರ್ಕಾರಕ್ಕೂ ವರ್ಷಕ್ಕೊಮ್ಮೆ ತೋರಿಸಬೇಕಲ್ಲ. ನವೆಂಬರ್ ತಿಂಗಳು ಅದರದು. ಮೊದಲು ಹೆಬ್ಬೆಟ್ಟು ಒತ್ತುವ ಯಂತ್ರ ಬಂತು. ಮೂವತ್ತು-ಮೂವತ್ತೈದು ವರ್ಷ ಖಡು ಹಿಡಿದ ಬೆರಳು, ಈಗ ಕಳೆ ಕೀಳುವ ಬೆರಳು, ಗೆರೆಗಳೇ ಉಳಿದಿಲ್ಲ. ಇತಿಹಾಸದ ಮಾಸ್ತರರು ಯಾರೂ ಅಲ್ಲವೆಂದು ಯಂತ್ರ ಸಾರಿತು. ಆಮೇಲೆ ಮುಖ ನೋಡಿ ಗುರುತಿಸುವ ಆ್ಯಪ್ ಬಂದು, ಫೋನಿನ ಮುಂದೆ ಕೂತು ಕಣ್ಣು ಪಿಳುಕಿಸಿದರೆ ಸಾಕೆಂದಾಯಿತು. ಈಗ ನವೆಂಬರ್ ಬಂತೆಂದರೆ ಸುತ್ತಲಿನ ಹಳ್ಳಿಯ ಪಿಂಚಣಿದಾರರು ಮಾಸ್ತರರ ಕಟ್ಟೆಗೆ ಬಂದು ಸಾಲಾಗಿ ಕೂರುತ್ತಾರೆ. ಮೊಮ್ಮಗನ ವಯಸ್ಸಿನ ಹುಡುಗ ಫೋನು ಹಿಡಿಯುತ್ತಾನೆ, ಮಾಸ್ತರರು ಹಿಂದಿನಿಂದ ಆಜ್ಞೆ ಮಾಡುತ್ತಾರೆ: "ಪಿಳುಕಿಸು... ಹೂಂ... ಒಂದಲ್ಲೋ, ಎರಡೂ ಕಣ್ಣು! ಆ ವಯಸ್ಸು ದಾಟಿತು ನಿಂದು."

ಅದೇ ನವೆಂಬರಿನಲ್ಲಿ ಹುಲಕೋಟಿಯೂ ಬರುತ್ತಾನೆ. ಹುಲಕೋಟಿಯ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಹೋದವರಿಗೆ ಒಮ್ಮೆಗೆ ಆರು ತಿಂಗಳು ಇರಲು ಬಿಡುತ್ತಾರಂತೆ. ಬೇಸಿಗೆಯಲ್ಲಿ ಗಂಡ ಹೆಂಡಿರು ಹೋಗುತ್ತಾರೆ, ಅಲ್ಲಿ ಹಿಮ ಬೀಳುವ ಮುನ್ನ ಮರಳುತ್ತಾರೆ. ಹತ್ತಿರದ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವುದೂ ಅದೇ ಹೊತ್ತಿಗೆ. ಮಂಗೋಲಿಯಾ, ಲಡಾಖ್ ಕಡೆಯ ಚಳಿ ತಾಳದೆ ಹಿಮಾಲಯ ಹಾರಿ ಬಂದು, ಹಗಲೆಲ್ಲ ಕೆರೆಯಲ್ಲಿ ತೂಕಡಿಸಿ, ಕತ್ತಲಾದ ಮೇಲೆ ರೈತರ ಶೇಂಗಾ, ಕಡಲೆಯ ಹೊಲಕ್ಕೆ ನುಗ್ಗುವ ಹಕ್ಕಿಗಳು ಅವು. ಹುಲಕೋಟಿಯ ದಿನಚರಿಯೂ ಹೆಚ್ಚುಕಡಿಮೆ ಹಾಗೆಯೇ. ವಿಮಾನದ ನಿದ್ದೆ ಕಳೆಯುವ ತನಕ ಹಗಲೆಲ್ಲ ಮಲಗಿ, ಸಂಜೆಗೆ ಎದ್ದು ಗೆಳೆಯರ ಮನೆಗಳ ಮೇಲೆ ಬೀಳುತ್ತಾನೆ. ಮಾಗಡಿ ಕೆರೆಗೆ 2024ರಲ್ಲಿ ರಾಮ್‌ಸಾರ್ ಮನ್ನಣೆ ಸಿಕ್ಕಿತು, ಹೆಬ್ಬಾತುಗಳಿಗೆ ಅಂತರರಾಷ್ಟ್ರೀಯ ಗೌರವ ಬಂತು. ತನಗೆ ಆ ಮಟ್ಟದ ಸ್ವಾಗತ ಯಳವತ್ತಿಯಲ್ಲಿ ಸಿಗುತ್ತಿಲ್ಲವೆಂಬುದು ಹುಲಕೋಟಿಯ ಒಳಗಿನ ನೋವು.

ಹುಲಕೋಟಿ ಕಟ್ಟೆಯ ಮೇಲೆ ಕೂತು ಅಮೆರಿಕದ ರಸ್ತೆ, ಅಮೆರಿಕದ ಹಾಲು, ಅಮೆರಿಕದ ಕಸದ ಡಬ್ಬಿಗಳನ್ನು ವರ್ಣಿಸುವಾಗ ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಇತಿಹಾಸದ ಪಾಠ ತೆಗೆಯುತ್ತಾರೆ.

"ನೀ ವಿಮಾನ ಹತ್ತಿ ಎರಡು ದೇಶ ನೋಡೀದಿ ಹೌದಿಲ್ಲೋ? ನಾ ಈ ಕಟ್ಟಿ ಬಿಟ್ಟು ಏಳಲಾರದ ಮೂರು ರಾಜ್ಯ ನೋಡೀನಿ. ಹುಟ್ಟಿದ್ದು ಮುಂಬೈ ರಾಜ್ಯದಾಗ. ವರ್ಷ ತುಂಬಿ ನಡಿಯಾಕ ಬರೂದರಾಗ ಮೈಸೂರು ರಾಜ್ಯ. ಕಾಲೇಜಿಗೆ ಹೆಸರು ಹಚ್ಚಿ, 73ರಾಗ ದೀಪಾವಳಿ ಸೂಟಿ ಮುಗಿಸಿ ಹೋಗೂದರಾಗ ಕರ್ನಾಟಕ. ಮುಂದ 97ಕ್ಕ ಧಾರವಾಡ ಜಿಲ್ಲಾ ಹೋಗಿ ಗದಗ ಜಿಲ್ಲಾ ಆತು. ಈಗ ಶಿರಹಟ್ಟಿ ತಾಲೂಕು ಬಿಟ್ಟು ಲಕ್ಷ್ಮೇಶ್ವರ ತಾಲೂಕು. ಒಂದು ರೂಪಾಯಿ ಟಿಕೀಟು ಇಲ್ಲ, ವೀಸಾ ಇಲ್ಲ."

ಇದಕ್ಕೆ ಹುಲಕೋಟಿಯ ಬಳಿ ಉತ್ತರವಿಲ್ಲ. ಮಾತು ಧಾರವಾಡಕ್ಕೆ ತಿರುಗುತ್ತದೆ, ಅಲ್ಲಿ ಎಲ್ಲರೂ ಸಮಾನರು. ಬೇಂದ್ರೆಯವರಿಗೆ 'ನಾಕುತಂತಿ'ಗಾಗಿ 1973ರ ಜ್ಞಾನಪೀಠ ಬಂದದ್ದು ಇವರು ಧಾರವಾಡದಲ್ಲಿದ್ದ ಕಾಲದಲ್ಲೇ. ಈ ಬ್ಯಾಚಿನ ಪ್ರತಿಯೊಬ್ಬನಿಗೂ ಸಾಧನಕೇರಿಯ ದಾರಿಯಲ್ಲಿ ಅಜ್ಜ ಕೊಡೆ ಹಿಡಿದು ಎದುರಾಗಿದ್ದಾರೆ, ನಿಲ್ಲಿಸಿ ಊರು ಕೇಳಿದ್ದಾರೆ, ಏನೋ ಒಂದು ಗೂಢವಾದ ಮಾತು ಹೇಳಿದ್ದಾರೆ. ಅದು ಆಗ ಅರ್ಥವಾಗಲಿಲ್ಲ, ಈಗ ನೆನಪಿಲ್ಲ. ಎಲ್ಲರ ಭೇಟಿಗಳನ್ನು ಕೂಡಿಸಿದರೆ ಆ ಮೂರು ವರ್ಷ ಬೇಂದ್ರೆಯವರು ಮನೆಯೊಳಗೆ ಕಾಲಿಟ್ಟದ್ದೇ ಸುಳ್ಳಾಗುತ್ತದೆ. ಅದೇ ಕಾಲೇಜಿನಲ್ಲಿ 1958ರಲ್ಲಿ ಬಿ.ಎ. ಮುಗಿಸಿದ ಗಿರೀಶ ಕಾರ್ನಾಡರು ಕೂತ ಬೆಂಚಿನ ಮೇಲೆಯೇ ಇವರೆಲ್ಲ ಕೂತಿದ್ದು. ಕಾರ್ನಾಡರು ಓದಿದ್ದು ಗಣಿತ, ಇವರು ಇತಿಹಾಸ, ಕನ್ನಡ, ಅರ್ಥಶಾಸ್ತ್ರ. ಅಷ್ಟು ಜನ ಕೂರಬೇಕಾದರೆ ಆ ಬೆಂಚಿಗೆ ಒಂದು ಬೋಗಿಯ ಉದ್ದವಾದರೂ ಬೇಕು. ಕಾಲೇಜಿನ ಕಟ್ಟಡ ಮೂಲದಲ್ಲಿ ರೈಲ್ವೆಯ ಕಚೇರಿಯಾದ್ದರಿಂದ ಅದೂ ಇದ್ದೀತು.

ಈ ಬಡಾಯಿಗೆಲ್ಲ ಗುಂಪಿನಲ್ಲಿ ಒಬ್ಬರ ಹೆದರಿಕೆ ಇದೆ. ತರಗತಿಯ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಕೆಲವೇ ಹುಡುಗಿಯರಲ್ಲಿ ಒಬ್ಬರು, ಧಾರವಾಡದಲ್ಲೇ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಅವರಿಗೆ ಊರಿನ ಹೆಸರಿಲ್ಲ, ಎಲ್ಲರಿಗೂ ಅಕ್ಕೋರು. ಮೂರು ವರ್ಷದಲ್ಲಿ ಈ ಗಂಡಸರಲ್ಲಿ ಒಬ್ಬನಾದರೂ ಅವರ ಜೊತೆ ಒಂದು ಮಾತಾಡಿದ್ದಿಲ್ಲ. ಒಮ್ಮೆ ಶಿಗ್ಲಿ ಅವರ ನೋಟ್ಸು ಕೇಳಬೇಕೆಂದು ಲೈನ್ ಬಜಾರಿನಿಂದ ಪೇಡೆ ತಂದು, ಧೈರ್ಯ ಸಾಲದೆ, ಕಾಲೇಜಿನ ಗೇಟಿನ ಹೊರಗೆ ನಿಂತು ಅಷ್ಟನ್ನೂ ತಾನೇ ತಿಂದದ್ದುಂಟು. ಈಗ ಅದೇ ಗಂಡಸರು ದಿನ ಬೆಳಗಾದರೆ ಅವರಿಗೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಾರೆ. ಅಕ್ಕೋರು ಒಂದು ದಿನ ತಾಳಲಾರದೆ ಬರೆದರು: "ಅಂದ ಮೂರು ವರ್ಷ ಒಂದು ಅಕ್ಷರ ಮಾತಾಡಲಿಲ್ಲ. ಈಗ ದಿನಾ ಶುಭೋದಯ ಅಂತೀರಿ, ಅದರಾಗೂ ಶ-ಕಾರ ತಪ್ಪದ. ಎಲ್ಲಾರೂ ಹತ್ತ ಸರತೆ ಬರದು ಕಳಸ್ರಿ." ಮಾಸ್ತರರು ಬರೆದು ಕಳಿಸಿದರು. ಎಪ್ಪತ್ತರ ಮನುಷ್ಯ ಕಟ್ಟೆಯ ಮೇಲೆ ಕೂತು ಶುಭೋದಯ ಎಂದು ಕಾಪಿ ಬರೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಕ್ಕೋರಿಗಿಂತಲೂ ದೊಡ್ಡ ಕುತ್ತು ಮಾಸ್ತರರ ಮನೆಯೊಳಗಿನಿಂದಲೇ ಬಂತು. ಮಾಸ್ತರರ ಹೆಂಡತಿ, ನಮ್ಮ ವೈನಿಯವರು, ಮೊದಲೆಲ್ಲ ಈ ಹಾಜರಿಯ ಬಗ್ಗೆ ಆಡುತ್ತಿದ್ದದ್ದು ಒಂದೇ ಮಾತು: "ಹೆತ್ತ ಮಗಳು ಫೋನ ಮಾಡಿದ್ರ ಎಂಗೇಜ್, ಡಂಬಳಕ್ಕ ಮಾತ್ರ ಯಾವಾಗ್ಲೂ ಖಾಲಿ." 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಸುರುವಾಯಿತು. ಹೆಂಗಸರಿಗೆ ಬಸ್ಸು ಪುಕ್ಕಟೆ. ಮಾಸ್ತರರಿಗೆ ಹಿರಿಯ ನಾಗರಿಕರೆಂದು ನೂರಕ್ಕೆ ಇಪ್ಪತ್ತೈದು ರಿಯಾಯಿತಿ, ಉಳಿದ ಎಪ್ಪತ್ತೈದು ಕೈಯಿಂದ. ಹೀಗಾಗಿ ಖರ್ಚಿಗೆ ಅಂಜಿ ಅವರು ಕಟ್ಟೆಯ ಮೇಲಿದ್ದರೆ, ವೈನಿ ಆಧಾರ್ ಕಾರ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ವೀರನಾರಾಯಣ ಗುಡಿಗೆಂದು ಗದುಗಿಗೆ, ಫಕೀರೇಶ್ವರ ಮಠಕ್ಕೆಂದು ಶಿರಹಟ್ಟಿಗೆ, ಮುರುಘಾಮಠಕ್ಕೆಂದು ಧಾರವಾಡಕ್ಕೆ. ದೇವರು ಆಯಿತು, ದಾರಿಯಲ್ಲಿ ಮಾಸ್ತರರ ಗೆಳೆಯರ ಮನೆಗಳೂ ಆದವು. ಅಡಿಗೆಮನೆಯ ಹೊಸಿಲ ಮೇಲೆ ಕೂತು ಗೆಳೆಯರ ಹೆಂಡಂದಿರಿಂದ ವೈನಿ ತರುವ ಸುದ್ದಿಯ ಮುಂದೆ ಹಾಜರಿ ಪುಸ್ತಕ ಸಪ್ಪೆ.

"ಶಿಗ್ಲಿದು ಸಕ್ರಿ ಭಾಳ ಇಳದೈತಿ. ಸಿಹಿ ಮುಟ್ಟೂದ ಬಿಟ್ಟಾನಂತ," ಎಂದು ಮಾಸ್ತರರು ಬರೆದುಕೊಳ್ಳುತ್ತಿದ್ದಾಗ ವೈನಿ ಅಕ್ಕಿ ಆರಿಸುತ್ತಲೇ ಹೇಳಿದರು: "ಪೇಡೇದ ಪೊಟ್ಟಣ ಬಚ್ಚಲ ಮನಿ ಮಾಡದಾಗ ಇಟ್ಟಾರ. ಜಳಕಕ್ಕ ದಿನಾ ಎರಡು ಸರತೆ ಹೊಕ್ಕಾರಂತ ನಿಮ್ಮ ಶಿಗ್ಲಿ. ಅವರ ಮನ್ಯಾಕಿನ ಹೇಳಿದ್ಲು."

ಮಾಸ್ತರರು ನೀಲಿ ಗೀಟನ್ನು ಅಳಿಸಲೋ ಬೇಡವೋ ಎಂದು ಪೆನ್ನು ಎತ್ತಿಕೊಂಡು ಕೂತರು. ಬೆಂಗಳೂರಿನಲ್ಲಿ ಮಗನ ಮನೆಯಲ್ಲಿರುವ ಬೆಳ್ಳಟ್ಟಿಯ ಬಗ್ಗೆಯೂ ಅಷ್ಟೇ. ತಾನು ಅಪಾರ್ಟ್‌ಮೆಂಟಿನ ಸಂಘಕ್ಕೆ ಸಲಹೆಗಾರನೆಂದು ಅವನ ವರದಿ. ಬ್ಯಾಂಕಿನ ಮ್ಯಾನೇಜರ್ ಆಗಿ ನಿವೃತ್ತನಾದ ಮನುಷ್ಯ, ನಂಬುವಂಥದ್ದೇ. ಆದರೆ ಅವನು ಬೆಳಗಿನ ಎಂಟಕ್ಕೆ ಮೊಮ್ಮಗನ ಚೀಲ ಹೊತ್ತು ಸಾಲಿಯ ಬಸ್ಸಿಗೆ ನಿಲ್ಲುವುದನ್ನೂ, ಮಧ್ಯಾಹ್ನ ಅಲ್ಲೇ ಹೋಗಿ ಇಳಿಸಿಕೊಳ್ಳುವುದನ್ನೂ, ನಡುವೆ ಸೊಪ್ಪು ಸೋಸುವುದನ್ನೂ ವೈನಿ ಅವನ ಹೆಂಡತಿಯ ತವರಿನ ಕಡೆಯಿಂದ ತಿಳಿದು ಬಂದಿದ್ದರು. ಮಾಸ್ತರರು "ಸಲಹೆಗಾರ" ಎಂಬ ಪದವನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಸೊಪ್ಪು" ಎಂದು ಬರೆದರು.

ಹೋದ ಜನವರಿಯಲ್ಲಿ ಮಾಸ್ತರರು ಎಲ್ಲರನ್ನೂ ಯಳವತ್ತಿಗೆ ಕರೆದರು. ಹೊಲದಲ್ಲಿ ಸೀತನಿ ಊಟ. ಜೋಳ ಹಾಲುಗಾಳಾಗಿರುವಾಗ ತೆನೆ ಮುರಿದು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ತೂರಿ, ಬಿಸಿಬಿಸಿಯಾಗಿ ಬೆಲ್ಲ, ಶೇಂಗಾ ಚಟ್ನಿಯ ಜೊತೆ ತಿನ್ನಬೇಕು. ಕಾಲೇಜಿನ ದಿನಗಳಲ್ಲಿ ಯಳವತ್ತಿಗೆ ಬಂದಾಗ ಇವರು ಹೊಲ ಬರಿದಾಗುವಷ್ಟು ತಿಂದವರು. ಈ ಸಲ ಊಟಕ್ಕೆ ಮುನ್ನ ಎಂಟು ದಿನ ಗುಂಪಿನಲ್ಲಿ ಮಾತುಕತೆ ನಡೆಯಿತು. ಬೆಲ್ಲ ಬೇಡವೆಂದು ಸಕ್ಕರೆಯವರು. ಚಟ್ನಿಗೆ ಉಪ್ಪು ಬೇಡವೆಂದು ಬಿ.ಪಿ.ಯವರು. ಶೇಂಗಾ ಎಣ್ಣೆ ಪದಾರ್ಥವೆಂದು ಸ್ಟೆಂಟಿನವರು. ಟೊಮೆಟೊ ಬೀಜ ಬೀಳಬಾರದೆಂದು ಮುಳಗುಂದದ ಹಳ್ಳುಗಳು. ಖಡಕ್ ರೊಟ್ಟಿ ಯಾರಿಗೂ ಆಗದು, ಮೆತ್ತನೆಯ ಬಿಸಿ ರೊಟ್ಟಿಯೇ ಬೇಕೆಂದು ಹಲ್ಲು ಕಟ್ಟಿಸಿಕೊಂಡವರು. ನೆಲದ ಮೇಲೆ ಕೂತರೆ ಏಳಲಾರೆವು, ಕುರ್ಚಿ ಬೇಕೆಂದು ಮೊಣಕಾಲಿನವರು. ಎಲ್ಲ ಬೇಡಿಕೆಗಳನ್ನು ಕಳೆದು ಮಾಸ್ತರರು ಲೆಕ್ಕ ಹಾಕಿದಾಗ ಊಟದಲ್ಲಿ ಉಳಿದದ್ದು ಕುರ್ಚಿ ಮತ್ತು ಬಿಸಿನೀರು.

ಆದರೆ ಕುಳ್ಳಿನ ಹೊಗೆ ಎದ್ದು, ಸುಟ್ಟ ಜೋಳದ ವಾಸನೆ ಬಂದದ್ದೇ ತಡ, ಎಂಟು ದಿನದ ಮಾತುಕತೆ ಗಾಳಿಗೆ ಹೋಯಿತು. ಬಾಯಿಯ ಹಲ್ಲನ್ನು ಕಿಸೆಗೆ ಹಾಕಿ ಒಸಡಿನಲ್ಲೇ ಸೀತನಿ ಅರೆದವರಿದ್ದರು. ಶಿಗ್ಲಿ ಬೆಲ್ಲದ ಉಂಡೆಯನ್ನು ಚಟ್ನಿಯ ಕೆಳಗೆ ಬಚ್ಚಿಟ್ಟು ತಿಂದ, ಎಲ್ಲರೂ ನೋಡಿದರು, ಯಾರೂ ಬರೆದುಕೊಳ್ಳಲಿಲ್ಲ. ನಡುವೆ ಒಬ್ಬೊಬ್ಬರೂ ಗುಳಿಗೆಯ ಡಬ್ಬಿ ತೆಗೆದರು. ಊಟಕ್ಕೆ ಮುಂಚಿನವು, ಊಟದ ಜೊತೆಯವು, ಊಟದ ಮೇಲಿನವು. ಸೂರಣಗಿ ತನ್ನ ಡಬ್ಬಿ ಮರೆತಿದ್ದ. ಆರು ಡಬ್ಬಿಗಳಿಂದ ಅವನ ಔಷಧ ಬಣ್ಣ ಹೊಂದಿಸಿ ಕೂಡಿಸುವ ಯತ್ನವೂ ನಡೆಯಿತು. ಅಕ್ಕೋರು ಗದರಿಸಿ ಬಿಡಿಸದಿದ್ದರೆ ಅಂದೇ ಹಾಜರಿ ಪುಸ್ತಕದಲ್ಲಿ ಒಂದು ಊರು ಕಡಿಮೆಯಾಗುತ್ತಿತ್ತು.

ಕೈ ತೊಳೆದ ಮೇಲೆ ಮಾಸ್ತರರು ಎದ್ದು ನಿಂತು ಮುಂದಿನ ದೊಡ್ಡ ಕೂಟದ ತಾರೀಖು ಸಾರಿದರು: 2030ರ ಜೂನ್ 1. ಎಲ್ಲರ ಹುಟ್ಟುಹಬ್ಬ, ಎಲ್ಲರ ಪಿಂಚಣಿ ತುಂಬುವ ದಿನ. ಹೋಳಿಗೆ ಊಟ. ತಲೆಗೆ ಐದು ನೂರು ರೂಪಾಯಿ ಮುಂಗಡ, ಇವತ್ತೇ ಕೊಡಬೇಕು.

"ಅದು ಶನಿವಾರ ಬರತೈತಿ," ಎಂದ ಫೋನಿನಲ್ಲಿ ಕ್ಯಾಲೆಂಡರ್ ತಿರುವಿದ ಡಂಬಳ. "ನಂದು ಒಪ್ಪತ್ತು."

"ನೀ ಒಂದ ಹೊತ್ತು ಉಣ್ಣು. ಎರಡು ಹೊತ್ತಿಂದು ಯಾರೂ ಹಾಕಂಗಿಲ್ಲ."

"ನಾ ಕಮ್ಯುಟೇಶನ್ ಮಾಡಿಸೇ ಇಲ್ಲಲ್ಲೋ," ಎಂದು ಒಂದು ಮೂಲೆಯಿಂದ ಸೂರಣಗಿ. "ನನಗ್ಯಾಕ ಹೋಳಿಗಿ?"

"ಹುಟ್ಟಿದ ಹಬ್ಬದ ಲೆಕ್ಕದಾಗ ಬಾ."

ಕೊನೆಗೆ ಮುಳಗುಂದ ಎದೆಯ ಮೇಲೆ ಕೈಯಿಟ್ಟು, ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಕೇಳಿದ: "ನಡುವ ಏನರ ಹೆಚ್ಚು ಕಡಿಮಿ ಆದ್ರ ಐದು ನೂರು ವಾಪಸ್ ಏನು?"

ಮಾಸ್ತರರು ಇದಕ್ಕೆ ತಯಾರಾಗಿಯೇ ಬಂದಿದ್ದರು. ವಾಪಸು ಇಲ್ಲ, ನಾಮಿನಿ ಇದೆ. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ನಾಮಿನಿಯ ಹೆಸರು ಬರೆದು ಕೊಡಬೇಕು, ಅವರು ಬಂದು ಉಂಡು ಹೋಗಬಹುದು. ಚೀಟಿಗಳು ಬಂದವು. ಬಹಳ ಜನ ಹೆಂಡತಿಯ ಹೆಸರು ಬರೆದಿದ್ದರು. ಹುಲಕೋಟಿ ನ್ಯೂಜೆರ್ಸಿಯ ಮಗನ ಹೆಸರು ಬರೆದು, ವಿಮಾನದ ಖರ್ಚು ಯಾರದೆಂದು ಪ್ರಶ್ನಾರ್ಥಕ ಹಾಕಿದ್ದ. ಡಂಬಳ ಒಮ್ಮೆ ಸತ್ತು ಬಂದ ಅನುಭವಿಯಾದ್ದರಿಂದ ಎರಡು ನಾಮಿನಿ ಕೇಳಿದ. ಶಿಗ್ಲಿಯ ಚೀಟಿಯಲ್ಲಿ ಮಾತ್ರ ಶಿಗ್ಲಿಯದೇ ಹೆಸರಿತ್ತು.

ಮಾಸ್ತರರು ಚೀಟಿ ಹಿಡಿದು ಅವನ ಮುಂದೆ ನಿಂತರು. "ಇದೇನೋ?"

"ಮನಿಯಾಕಿಗೆ ಸಕ್ರಿ ಐತಿ ಮಾಸ್ತರ," ಎಂದ ಶಿಗ್ಲಿ ಗಂಭೀರವಾಗಿ. "ಆಕಿ ಹೋಳಿಗಿ ಉಣ್ಣಂಗಿಲ್ಲ. ರೊಕ್ಕಾ ಹಾಳ ಅಕ್ಕಾವ."